ಇಪ್ಪತ್ತೈದು ಶಬ್ದ

ಸೇಸಪ್ಪ ಗಟ್ಟಿ, ಐವತ್ತಾರು, ಪಂಪು ರಿಪೇರಿ, ಉಪ್ಪಳ.
ಎಳವೆಯಿಂದ ಎರಡೂ ಕಿವಿ ಸೋರಿ ಸೋರಿ
ತಮಟೆ ಹರಿದಿದೆ.
ಗಾಳಿಯ ದಾರಿ ಅರುವತ್ತೈದು ಡೆಸಿಬೆಲ್.
ಎಲುಬಿನ ದಾರಿ ಹದಿನೈದು.
ಕೆಂಪಿನಲ್ಲಿ ಬಲಗಿವಿ, ನೀಲಿಯಲ್ಲಿ ಎಡ, ಬರೆದುಕೊಂಡೆ.

ಕಾಸರಗೋಡಿನ ಹಳೆ ಬಸ್‌ಸ್ಟ್ಯಾಂಡಿನ ಹಿಂದೆ, ಮಾಳಿಗೆಯಲ್ಲಿ,
ನಮ್ಮ ಕೋಣೆಯೊಳಗೆ ಇನ್ನೊಂದು ಪೆಟ್ಟಿಗೆಯಂಥ ಕೋಣೆ.
ಬಾಗಿಲು ಹಾಕಿದರೆ ಬಸ್ಸಿನ ಹಾರ್ನು ಕೂಡ
ಚಪ್ಪಲಿ ಕಳಚಿಟ್ಟು ಬರುತ್ತದೆ.

ತಲೆಗೆ ಪಟ್ಟಿ ಬಿಗಿದು, ಕಿವಿಯ ಹಿಂದಿನ ಎಲುಬಿಗೆ
ಯಂತ್ರ ಕೂರಿಸಿದೆ. ಬೆಂಕಿಪೆಟ್ಟಿಗೆಯಷ್ಟೂ ಇಲ್ಲ.
"ಇದು ನೋಡಲಿಕ್ಕೆ ಮಾತ್ರ. ಸರಿಯಾದರೆ ಮತ್ತೆ ಆಪರೇಷನ್,
ಬುರುಡೆಗೆ ಒಂದು ಟೈಟಾನಿಯಂ ತಿರುಪು."
"ಎಷ್ಟು ಮಿಲಿ?"
"ನಾಲ್ಕು."
"ಎಲುಬು ಹಿಡಿಯಲಿಕ್ಕೆ?"
"ಮೂರು ತಿಂಗಳು."
"ಕಾಂಕ್ರೀಟಿಗೆ ಇಪ್ಪತ್ತೊಂದು ದಿನ ಸಾಕು ಮಾರಾಯ್ತಿ."

ಆಮೇಲೆ ಪಟ್ಟಿ. ಇಪ್ಪತ್ತೈದು ಶಬ್ದ.
ತಿರುವನಂತಪುರದ ಯಾವುದೋ ಹೆಂಗಸಿನ ದನಿ,
ಇಸ್ತ್ರಿ ಹಾಕಿದ ಮಲಯಾಳ.
ಕೇಳಿದ್ದನ್ನು ಕೇಳಿದ ಹಾಗೆ ಹೇಳಬೇಕು.
ಆಕೆ ಮೞ ಅಂದಳು, ಇವರು ಮಳೆ ಅಂದರು.
ಪುೞ. ಹೊಳೆ.
ವಾೞ. ಒಂದು ಗಳಿಗೆ ತಡೆದು,
ಬಾರೆ, ಅಂದರು, ತುಳುವಿನಲ್ಲಿ.
ನಾನು ತಪ್ಪು ಹಾಕಿದೆ, ತಪ್ಪು, ಮತ್ತೆ ತಪ್ಪು.
ಇಪ್ಪತ್ತೈದಕ್ಕೆ ಹತ್ತು.
ಲೆಕ್ಕದ ಪ್ರಕಾರ ಯಂತ್ರ ಫೇಲು.

ಮಧ್ಯಾಹ್ನ ಡಬ್ಬಿ ಬಿಚ್ಚುವಾಗ ಹೊಳೆಯಿತು:
ನಮ್ಮಲ್ಲಿ ಯಾವತ್ತೋ ತೀರಿಹೋದ ಆ ೞ
ನೆರೆಯವರ ಬಾಯಲ್ಲಿ ಇನ್ನೂ ಆರೋಗ್ಯವಾಗಿದೆ.
ಗಟ್ಟಿಯವರಿಗೆ ಅದು ಕೇಳಿಸಿದೆ,
ಕೇಳಿಸಿದ್ದನ್ನು ಕೈಹಿಡಿದು ಮನೆಗೆ ಕರೆದುಕೊಂಡು ಹೋಗಿದ್ದಾರೆ.
ಮನೆಯಲ್ಲಿ ಒಂದು ಭಾಷೆ, ಶಾಲೆಯಲ್ಲಿ ಒಂದು, ಪೇಟೆಯಲ್ಲಿ ಒಂದು.
ಫಾರ್ಮಿನಲ್ಲಿ ಅದಕ್ಕೆ ಕಾಲಮ್ಮಿಲ್ಲ.

ಔಷಧಿ ಚೀಟಿಯ ಹಿಂಬದಿ ನಾನೇ ಬರೆದೆ:
ಕೊಡೆ, ಬೆಲ್ಲ, ಸೂಜಿ, ಗರಗಸ, ತೊಟ್ಟಿಲು...
ಯಾವ ವಿಶ್ವವಿದ್ಯಾಲಯವೂ ಒಪ್ಪದ ಪಟ್ಟಿ.
ತುಟಿ ಕಾಣದ ಹಾಗೆ ಫೈಲು ಅಡ್ಡ ಹಿಡಿದು ಓದಿದೆ.
ಇಪ್ಪತ್ಮೂರು.

ಒಂದು ವಾರಕ್ಕೆ ಯಂತ್ರ ಕೊಟ್ಟು ಕಳಿಸಿದೆ,
ಕೇಳಿಸಿದ್ದು, ಕೇಳಿಸದ್ದು ಬರೆದುಕೊಂಡು ಬನ್ನಿ ಅಂತ.
ಬಿಲ್‌ಬುಕ್ಕಿನಲ್ಲಿ ಬರೆದು ತಂದರು, ದರದ ಕಾಲಮ್ಮಿನಲ್ಲಿ ಮಾರ್ಕು:
"ಫೋನು, ಆಗಬಹುದು. ಹೆಲ್ಮೆಟ್ ಹಾಕಿದರೆ ಪಟ್ಟಿ ಜಾರುತ್ತದೆ.
ಮೀನು ಮಾರ್ಕೆಟು, ಎಲ್ಲರೂ ಒಟ್ಟಿಗೆ, ಸೊನ್ನೆ.
ಚಕ್ಕುಲಿ ತಿಂದೆ, ಜಲ್ಲಿ ಕ್ರಶರಿನ ಹಾಗೆ.
ಪಕ್ಕದಂಗಡಿಯ ಅಂದುಂಞಿ ಇಷ್ಟು ವರ್ಷ
ನನ್ನ ಹತ್ತಿರ ಕಿರುಚುತ್ತಿದ್ದದ್ದು ಈಗ ಗೊತ್ತಾಯಿತು. ಪಾಪ."

"ಇದಕ್ಕೆ ಮುಂಚೆ ಮೋಟಾರು ಹೇಗೆ ನೋಡುತ್ತಿದ್ದಿರಿ?"
ಮಾತಾಡದೆ ಎದ್ದರು. ಕೆಳಗೆ, ಕಟ್ಟಡದ ಹಿಂದೆ, ನಮ್ಮದೇ ಪಂಪು.
ಚೀಲದಿಂದ ಉದ್ದದ ಸ್ಕ್ರೂಡ್ರೈವರ್ ತೆಗೆದು
ತುದಿಯನ್ನು ಮೋಟಾರಿನ ಮೈಗಿಟ್ಟು
ಹಿಡಿಯನ್ನು ಹಲ್ಲಲ್ಲಿ ಕಚ್ಚಿ ಕಣ್ಣು ಮುಚ್ಚಿದರು.
ಆಮೇಲೆ ಅಂಗಿಯಲ್ಲಿ ಒರಸಿ ನನ್ನ ಕೈಗೆ.
"ಕಿವಿ ಎರಡೂ ಮುಚ್ಚಿ, ಕಚ್ಚಿ ನೋಡಿ."

ಐದು ವರ್ಷ ಓದಿದ್ದು
ನನ್ನ ದವಡೆಯಲ್ಲಿ ಒಮ್ಮೆಗೇ ಗುಂಯ್ಗುಟ್ಟಿತು.
ಅದರ ಅಡಿಯಲ್ಲಿ ಎಲ್ಲೋ, ಅಕ್ಕಿಯೊಳಗಿನ ಕಲ್ಲಿನ ಹಾಗೆ,
ಒಂದು ಕಿರಕಿರ.

"ಬೇರಿಂಗು. ಎರಡು ತಿಂಗಳು, ಹೆಚ್ಚೆಂದರೆ."
ಮೆಟ್ಟಿಲು ಹತ್ತುತ್ತಾ ಅಂದರು:
"ಮೋಟಾರಿಗೆ ನಿಮ್ಮ ಯಂತ್ರ ಬೇಡ.
ಮನುಷ್ಯರ ಮೈಗೆ ಸ್ಕ್ರೂಡ್ರೈವರ್ ಇಟ್ಟು ಕಚ್ಚಲಿಕ್ಕೆ
ಆಗುವುದಿಲ್ಲವಲ್ಲ, ಅದಕ್ಕೆ ಬೇಕಿತ್ತು.
ಕ್ರಯ ಎಷ್ಟು ಅಂದಿರಿ?"
ನಾನು ಇನ್ನೂ ಅಂದಿರಲಿಲ್ಲ.

ಅಂದೆ. ನಕ್ಕರು.
ಸಹಾಯಧನಕ್ಕೆ ಅರ್ಜಿ ಹಾಕಿದ್ದೇವೆ, ಎರಡೂ ಪಟ್ಟಿ ಲಗತ್ತಿಸಿ.
ಯಾಕೆ ಎರಡು ಅಂತ ಕೇಳಿ ಒಮ್ಮೆ ವಾಪಸು ಬಂತು.
ಉತ್ತರ ಬರೆದು ಮತ್ತೆ ಕಳಿಸಿದ್ದೇನೆ.

ಇವತ್ತಿಗೆ ಐವತ್ತೆಂಟು ದಿನ.
ನಳ್ಳಿಯಲ್ಲಿ ನೀರು ಚೆನ್ನಾಗಿಯೇ ಬರುತ್ತಿದೆ.
ಆದರೂ ನಾನು ಎರಡು ಬಕೆಟು
ತುಂಬಿಸಿಟ್ಟಿದ್ದೇನೆ.